ಬಾಗಿಲದ ಒಳಗಿನ ಓಣಿ

ಹುಬ್ಬಳ್ಳಿ,
ತಾ. ೧೨ ಜನೇವರಿ ೧೯೩೬

ಪ್ರೀತಿಯ ಮಾಶಾಬಿಯ ಅಬ್ಬಾರಿಗೆ ಸಿತಾರಾಳ ಸಲಾಮ.

ಆರಾಮ ಅದೀರಿಲ್ಲೋ? ಹಡಗದಾಗ ಹತ್ತಿದ ಕೆಮ್ಮು ಬಿಟ್ಟೈತೋ ಇಲ್ಲೋ? ಸಿಂಗಪುರದಾಗ ದಿನಾ ಮಳಿ ಅಂತ ಬರದಿದ್ರಿ. ಕ್ಯಾಮೆರಾಕ್ಕ ಕೊಡಿ ಹಿಡದು ನೀವು ತೊಯ್ಸಿಕೊಳ್ಳೂ ಮಂದಿ, ನನಗ ಗೊತ್ತೈತಿ. ಇಲ್ಲೆ ಅತ್ತಿ, ಮಾವ ಇಬ್ಬರೂ ಆರಾಮ ಅದಾರ. ಮಾಶಾಬಿ ಮಾತ್ರ "ನಮ್ಮ ಅಬ್ಬಾ ಸಮುದ್ರದ ಆಚಿ ಊರೆಲ್ಲಾ ಡಬ್ಬ್ಯಾಗ ಹಾಕ್ಕೊಂಡು ಬರ್ತಾರ" ಅಂತ ಕಂಡಕಂಡವರಿಗೆ ಹೇಳಾಕತ್ತಾಳ.

ನೀವು ಹಾದ್ಯಾಗ ಪಿನಾಂಗ ಊರಾಗ ತಗದು ಕಳಿಸಿದ ಫೋಟೋ ಮುಟ್ಟಿದವು. ಮುಂಬೈ ಕಂಪನಿಯವರು ಪೋಸ್ಟಕಾರ್ಡಿನ ಚಿತ್ರಕ್ಕ ಹುಬ್ಬಳ್ಳಿ ಮನಶ್ಯಾನ್ನ ಯಾಕ ಆರಿಸಿದ್ರು ಅನ್ನೂದು ಅವನ್ನ ನೋಡಿದಾಗ ತಿಳೀತು. ಏನು ಓಣಿ, ಏನು ಕಂಬದ ಪಡಸಾಲಿ! ರಿಕ್ಷಾ ಎಳಿಯವನ ಹಿಮ್ಮಡದ ಬಿರುಕು ಸುದ್ಧಾ ಎಣಸಬಹುದು. ಸ್ಟುಡಿಯೋದ ಮುಂದಿನ ಖೋಲ್ಯಾಗ ಹಗ್ಗಾ ಕಟ್ಟಿ ಎಲ್ಲಾ ತೂಗಹಾಕಿದೆ. ಓಣಿಗೆ ಓಣಿ ನೋಡಾಕ ಬಂತು. ಹತ್ತಿ ವ್ಯಾಪಾರದ ಮಡಿವಾಳಪ್ಪನವರ ಹೆಂಡ್ತಿ ಎದುರಮನಿ ಗೌರಕ್ಕ ಒಂದೊಂದನ್ನೂ ಮೂಗಿಗೆ ಹಚ್ಚಿ ನೋಡಿ, "ಸಿತಾರಾ, ಈ ಊರಾಗ ಹೆಣ್ಣಮಕ್ಕಳು ಇಲ್ಲೇನ?" ಅಂದ್ಲು. ಖರೇನ, ಒಬ್ಬಾಕೀನೂ ಇರಲಿಲ್ಲ. "ಒಳಗ ಇರ್ತಾರ. ನಮ್ಮ ಓಣಿ ತಗದ್ರೂ ಹಿಂಗ ಬರ್ತೈತಿ" ಅಂದೆ. ಅಂದದ್ದೇನೋ ಅಂದೆ, ಆ ಮಾತು ನನ್ನ ಬೆನ್ನ ಬಿಡಲಿಲ್ಲ.

ನೀವು ಬಿಟ್ಟ ಹೋದ ಹಳೇ ಕ್ಯಾಮೆರಾ ಒರಸಿ ಹೊರಗ ತಗದೆ. ಇಷ್ಟು ವರ್ಷ ಕತ್ತಲ ಖೋಲ್ಯಾಗ ನಿಮ್ಮ ಸಂಗಾಟ ಫೋಟೋದ ಗಾಜಿನ ಪ್ಲೇಟು ತೊಳದಾಕಿ ನಾನು, ಆದ್ರ ಕ್ಯಾಮೆರಾದ ಕರೀ ಬಟ್ಟಿಯೊಳಗ ತಲಿ ಹಾಕಿದ್ದು ಈಗ. ಮೊದಲನೇ ಪ್ಲೇಟು ಪೂರಾ ಹಾಳಾತು, ನಗಬ್ಯಾಡ್ರಿ. ಆಮ್ಯಾಲ ಗೌರಕ್ಕನ ಅತ್ತಿ ಚನ್ನಬಸವ್ವ ಬಂದ್ಲು. ಫೋಟೋ ತಗಿಯೂ ಗಂಡಸರ ಮುಂದ ಜನ್ಮದಾಗ ಕುಂತಾಕಿ ಅಲ್ಲ ಆಕಿ. ಹಣಿ ತುಂಬ ವಿಭೂತಿ ಹಚ್ಚಿಕೊಂಡು, "ಸುಮ್ಮನ ಕುಂತ್ರ ಸತ್ತೋರ ಫೋಟೋ ಆಕ್ಕೈತಿ. ನಾ ಬತ್ತಿ ಹೊಸೀತೀನಿ, ನೀ ತಗಿ" ಅಂದ್ಲು. ಹೊಸಿಯೂ ಕೈ ಅಳ್ಳಾಡಿ ಹೊಗಿಯಂಗ ಮಸಕ ಬಂದೈತಿ, ಮಾರಿ ಮಾತ್ರ ಕಲ್ಲಾಗ ಕಡದಂಗ ಐತಿ. ಅಲ್ಲಿಂದ ಹಿತ್ತಲಕ್ಕ ಬಾ, ಬಾವಿಕಟ್ಟಿಗೆ ಬಾ ಅಂತ ಎಲ್ಲಾರೂ ಕರಿಯೂದ ಸುರು. ನಿಮಗ ಹೊಸ್ತಲಾ ದಾಟಾಕ ಬರಲಾರದ ಮನ್ಯಾಗ ನಾ ಕ್ಯಾಮೆರಾ ಹೊತ್ತುಕೊಂಡು ಹೋಗಿ ಬಂದೇನಿ.

ಸುದ್ದಿ ಮಾವನವರ ಗಡಿಯಾರದ ಅಂಗಡಿ ಮುಟ್ಟಿತು. "ಮಲ್ಲಿಕಸಾಬರ, ನಿಮ್ಮ ಸೊಸಿ ಡಬ್ಬಿ ಹೊತ್ತು ಮನಿಮನಿ ತಿರಗಾಕತ್ತಾಳ" ಅಂತ ಯಾರೋ ಅಂದ್ರಂತ. ಮಧ್ಯಾಹ್ನಕ್ಕ ಅಂಗಡಿ ಬಿಟ್ಟು ಬಂದು, "ಮಗಾ ಅಬ್ದುಲಗನಿ ಬರೂತನಕಾ ಸ್ಟುಡಿಯೋ ಬಂದ್. ಕೀಲಿ ಕೊಡು" ಅಂದ್ರು. ಕೊಟ್ಟೆ. ಅದರ ಸಂಗಾಟ ನಾ ತಗದ ಫೋಟೋನೂ ಮುಂದ ಇಟ್ಟು, "ಮೊದಲ ಇವನ್ನ ನೋಡಿ ಆಮ್ಯಾಲ ಬಂದ್ ಮಾಡ್ರಿ" ಅಂದೆ. ಒಂದೊಂದು ತಿರುವಿ ಹಾಕಿಕೋತ ಬಂದವರ ಕೈ ಒಂದರ ಮ್ಯಾಲ ನಿಂತುಬಿಡ್ತು. ಅದರಾಗ ಅತ್ತಿಯವರು ಬಾವಿಕಟ್ಟಿ ಮ್ಯಾಲ ಗೆಳತ್ಯಾರ ನಡುವ ಕುಂತು, ಸೆರಗು ಜಾರಿದ್ದರ ಅರಿವಿಲ್ಲದಂಗ ಬಾಯಿ ತುಂಬ ನಗಾಕತ್ತಾರ. ಮಾವನವರು ಗಡಿಯಾರ ನೋಡೂ ಭೂತಗನ್ನಡಿ ಕಿಸೇದಿಂದ ತಗದು ಕಣ್ಣಿಗೆ ಹಚ್ಚಿದ್ರು. ಅತ್ತಿಯವರ ಮಾರಿ ಮ್ಯಾಲ ಬೆರಳಿಟ್ಟು, "ಮದೀನಾಬಿ ಹಿಂಗ ನಗತಾಳೇನ?" ಅಂದ್ರು. "ನೀವು ಅಂಗಡಿಗೆ ಹೋದಾಗ ದಿನಾ ನಗತಾರ್ರಿ" ಅಂದೆ. ಕೀಲಿ ನನ್ನ ಕೈಯಾಗ ತಿರುಗಿ ಇಟ್ಟು, ಆ ಫೋಟೋ ಕಿಸೇದಾಗ ಇಟಗೊಂಡು ಹ್ವಾದ್ರು. ಈಗ ಗಡಿಯಾರ ತಂದವರಿಗೆಲ್ಲಾ "ನಮ್ಮ ಸೊಸಿ ಫೋಟೋ ತಗೀತಾಳ, ಮನಿ ಹೆಣ್ಣಮಕ್ಕಳನ್ನ ಕಳಸ್ರಿ" ಅಂತ ಅವರೇ ಹೇಳಾಕತ್ತಾರಂತ!

ಕೆಲವು ಪ್ರತಿ ಇದರ ಸಂಗಾಟ ಇಟ್ಟೇನಿ. ನಿಮಗ ತೋರಸಬಹುದಂತ ಆ ಹೆಣ್ಣಮಕ್ಕಳು ಒಪ್ಪ್ಯಾರ, ಕಂಪನಿಗೆ ಮಾತ್ರ ಕೊಡಬ್ಯಾಡ್ರಿ. ನಿಮ್ಮ ಪಿನಾಂಗದ ಓಣಿ ಬಾಜೂಕ ಇಟ್ಟು ನೋಡ್ರಿ. ನಿಮ್ಮವು ಛಲೋ ಅದಾವ, ಖರೇ. ನನ್ನವೂ ಕಡಿಮಿ ಇಲ್ಲ.

ಅತ್ತಿ, ಮಾವ ದುವಾ ಹೇಳ್ಯಾರ. ಮಾಶಾಬಿ ತನ್ನ ಮುದ್ದು ಕಾಗದದಾಗ ಕಟ್ಟಿ ಕಳಸು ಅಂತಾಳ. ಅಲ್ಲಾ ನಿಮ್ಮನ್ನ ಸುಖದಿಂದ ಇಡಲಿ.

ನಿಮ್ಮ
ಸಿತಾರಾ

ತಾ.ಕ.: ಟಪಾಲ ಹೋಗೂ ಹೊತ್ತಾತು, ಮುಖ್ಯ ಮಾತು ಉಳದೈತಿ. ಬರೂ ವರ್ಷ ಕಂಪನಿಯವರು ಕೊಲಂಬೋಕ್ಕ ಕಳಸ್ತಾರಂತ ಬರದಿದ್ರಲ್ಲ, ಹೂಂ ಅನ್ರಿ. ಆದ್ರ ಇಬ್ಬರು ಬರ್ತೀವಂತ ಹೇಳ್ರಿ. ಬೀದಿ ನೀವು ತಗೀರಿ, ಮನಿಯೊಳಗ ನಾ ಹೋಗ್ತೀನಿ. ಮಾಶಾಬೀನ ಅತ್ತಿಯವರು ನೋಡ್ಕೋತಾರ. ಮಾವನವರನ್ನೂ ಕೇಳಿದೆ. ಮರದಿನ ಪ್ಯಾಟಿಯಿಂದ ಒಂದು ಹೊಸಾ ಟ್ರಂಕ ಹೊತಗೊಂಡು ಬಂದು ನನ್ನ ಮುಂದ ಇಟ್ರು.