ಊರಿಗೆಲ್ಲ ಒಬ್ಬನೇ ಮದುಮಗ

ಮದುವೆಯಾದವರೇ, ಆಗಲಿರುವವರೇ, ಆಗುವ ಆಸೆಯಿದ್ದೂ ಪುಟ ತೆರೆಯದೆ ಹಾಗೇ ಉಳಿದವರೇ, ಮತ್ತು ಇವರೆಲ್ಲರ ಹಣೆಬರಹವನ್ನು ಸರ್ವರಿನಲ್ಲಿಟ್ಟು ಕಾಯುತ್ತಿರುವ ವಿವಾಹ ನೋಂದಣಿ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಾಡಿದ್ದು ಶುಕ್ರವಾರ ಹನ್ನೊಂದು ಗಂಟೆಗೆ ನನ್ನ ಮದುವೆ. ಆದರೆ ತಮ್ಮ ಜಾಲತಾಣದ ಪ್ರಕಾರ ನಾನು ವರನೂ ಅಲ್ಲ, ಅವಳು ವಧುವೂ ಅಲ್ಲ. ನಮ್ಮ ಪುಟ ತೆರೆದರೆ ಗಡ್ಡದ ಬೇಕರಿಯವರೊಬ್ಬರು ತಮ್ಮ ಭಾವೀ ಪತ್ನಿಯೊಡನೆ ಹಲ್ಲುಬಿಟ್ಟು ನಗುತ್ತಿದ್ದಾರೆ. ನಮ್ಮದಷ್ಟೇ ಅಲ್ಲ, ಸೋಮವಾರದಿಂದ ಅರವತ್ತೆರಡು ಜೋಡಿಗಳ ಪುಟದಲ್ಲೂ ಅದೇ ಗಡ್ಡ, ಅದೇ ನಗು. ಊರಿಗೆ ಇಷ್ಟೊಂದು ಸಮಾನತೆಯನ್ನು ಈವರೆಗೆ ಯಾವ ಕಚೇರಿ ಕೊಟ್ಟಿತ್ತು?

ನನ್ನವಳಿಗೆ ಕನ್ನಡಕದ ಅಂಗಡಿ. ಅಲ್ಲಿಂದಲೇ ಫೋನು ಮಾಡಿದಳು. "ರೀ, ನನ್ನ ಜಾಗದಲ್ಲಿ ಇವಳ್ಯಾರ್ರೀ? ನಿಮಗೆ ಗಡ್ಡ ಬೇರೆ ಬಂದಿದೆ! ನಲವತ್ತಾರಕ್ಕೆ ಮದುವೆ ಆಗ್ತಿರೋದೇ ಹೆಚ್ಚು, ಅದಕ್ಕೂ ಬದಲಿ ಆಟಗಾರರಾ?"

ಬೇಕರಿಯವರ ನಂಬರೂ ಪುಟದಲ್ಲಿತ್ತು. ಕರೆದೆ. ಅವರು ಅಳುವುದೊಂದು ಬಾಕಿ. "ಅಣ್ಣಾ, ನೀವು ನಲವತ್ತನೆಯವರು. ಎಲ್ರೂ 'ನನ್ನ ಹೆಂಡ್ತೀನ ಬಿಟ್ಬಿಡು' ಅಂತಾರೆ. ನನಗಿನ್ನೂ ಮದುವೇನೇ ಆಗಿಲ್ಲ!"

ನ್ಯಾಯವಾಗಿ ಹೇಳಬೇಕು: ಸೋಮವಾರಕ್ಕೆ ಮೊದಲಿದ್ದ ಹಳೆಯ ಜಾಲತಾಣ ಇದಕ್ಕಿಂತ ಮೇಲೇನಲ್ಲ. ತೆರೆಯಲು ನಾಲ್ಕು ನಿಮಿಷ. ಚಕ್ರ ತಿರುಗುತ್ತಿತ್ತು, ಚಹಾ ಆರುತ್ತಿತ್ತು, ಒಲವೂ ತೂಕಡಿಸುತ್ತಿತ್ತು. ಯಾರೇ ಬರಲಿ, ಕಚೇರಿಯ ವೇಳೆಯಿಂದ ಹಿಡಿದು ಎಲ್ಲವನ್ನೂ ದಾಖಲೆಯ ಉಗ್ರಾಣದಿಂದ ಹೊಸದಾಗಿ ಹೊತ್ತು ತರುತ್ತಿತ್ತು. ಆಗ ಕ್ಯಾಶಿಂಗ್ ಬಂತು: ಒಮ್ಮೆ ತಂದ ಪುಟವನ್ನು ಕೈಗೆಟಕುವಂತೆ ಇಟ್ಟುಕೊಂಡು ಮುಂದಿನವರಿಗೂ ಅದನ್ನೇ ಕೊಡುವ ಉಪಾಯ. ಚೊಕ್ಕ ಉಪಾಯ! ನಾಲ್ಕು ನಿಮಿಷ ಅರೆ ಸೆಕೆಂಡಿಗಿಳಿಯಿತು. ಆದರೆ ಸಾರ್ವಜನಿಕ ಪುಟದ ಜೊತೆಗೆ ಒಬ್ಬೊಬ್ಬರ ಸ್ವಂತ ಪುಟವನ್ನೂ ಹಾಗೇ ಇಟ್ಟುಕೊಂಡರು. ಸೋಮವಾರ ಮೊದಲು ಎದ್ದು ಪುಟ ತೆರೆದವರು ಬೇಕರಿಯವರು. ಬ್ರೆಡ್ಡಿನವರಲ್ಲವೇ, ಬೇಗ ಏಳುತ್ತಾರೆ. ಅವರ ಪುಟವೇ ಊರಿಗೆಲ್ಲ ಹಂಚಿಕೆಯಾಯಿತು. ನನ್ನವಳು ಒಂದೇ ಮಾತಿನಲ್ಲಿ ಮುಗಿಸಿದಳು: "ಕಣ್ಣು ಪರೀಕ್ಷೆಗೆ ಗೋಡೆ ಮೇಲಿನ ಅಕ್ಷರದ ಬೋರ್ಡು ಎಲ್ರಿಗೂ ಒಂದೇ ಸಾಕು. ಹಾಗಂತ ಕನ್ನಡಕಾನೂ ಒಂದೇ ಕೊಟ್ರೆ?"

ಪರೀಕ್ಷೆ ಮಾಡಲಿಲ್ಲವೇ ಎಂದು ಕೇಳಬೇಡಿ. ಮಾಡಿದ್ದಾರೆ. ಒಬ್ಬನೇ ಮನುಷ್ಯ, ಒಂದೇ ಯಂತ್ರದಲ್ಲಿ, ಒಂದೇ ಹೆಸರಿನಲ್ಲಿ ಹತ್ತು ಸಲ ತೆರೆದು ನೋಡಿದ. ಹತ್ತು ಸಲವೂ ಸರಿಯಾಗಿತ್ತು. ಕನ್ನಡಿಯ ಮುಂದೆ ಒಬ್ಬನೇ ನಿಂತವನಿಗೆ ಕನ್ನಡಿ ತಪ್ಪು ತೋರಿಸೀತೇ?

ತಮ್ಮ ಕೌಂಟರಿಗೂ ಹೋಗಿದ್ದೆ. ಗುಮಾಸ್ತರು ಕಂಪ್ಯೂಟರನ್ನೂ ನನ್ನನ್ನೂ ನೋಡಿ, "ಇದರಲ್ಲಿ ನಿಮ್ಮ ಹೆಂಡ್ತಿ ಅಂತ ಬೇರೆ ಯಾರೋ ಇದಾರಲ್ಲ ಸಾರ್. ಅಡ್ಜಸ್ಟ್ ಮಾಡ್ಕೊಳ್ತೀರಾ?" ಎಂದರು. ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೊರಗೆ ಬಂದ ಮೇಲೆ ನೆನಪಾಯಿತು: ಗುರುವಾರ ಸಂಜೆ ಐದರೊಳಗೆ ನಮ್ಮ ಪುಟದಲ್ಲಿ 'ಖಚಿತ' ಎಂದು ಒತ್ತದಿದ್ದರೆ ನಮ್ಮ ಸರದಿ ರದ್ದು. ಮುಂದಿನದು ಮೂರು ತಿಂಗಳಿಗೆ. ಸಾಕ್ಷಿಯಾಗಿ ಸಹಿ ಹಾಕಬೇಕಾದ ಅವಳ ಅಣ್ಣ ಹಡಗಿನಲ್ಲಿ ಅಡುಗೆಯವರು. ಶನಿವಾರ ಹಡಗೇರಿದರೆ ಮತ್ತೆ ವರ್ಷಕ್ಕೇ ದರ್ಶನ. ಅವಳಿಗೆ ಇರುವುದು ಅವರೊಬ್ಬರೇ. ಅವರಿಲ್ಲದೆ ಅವಳು ಸಹಿ ಹಾಕುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ: ವೇಳಾಪಟ್ಟಿ, ನಮೂನೆ, ರಜಾದಿನಗಳ ಪುಟ ಕ್ಯಾಶಿಂಗಿನಲ್ಲಿರಲಿ, ಸ್ವಂತ ಪುಟ ಸ್ವಂತದವರಿಗೇ ಇರಲಿ. ಇನ್ನು ಮುಂದೆ ಕನಿಷ್ಠ ಇಬ್ಬರು, ಬೇರೆ ಬೇರೆ ಹೆಸರಿನಲ್ಲಿ, ಒಟ್ಟಿಗೇ ತೆರೆದು ನೋಡದೆ ಏನನ್ನೂ ಊರಿಗೆ ಬಿಡಬೇಡಿ. ಜಾಲತಾಣದ ಬದಲಾವಣೆಗೆ ತಿಂಗಳ ಒಂದನೇ ತಾರೀಕೇ ಆಗಬೇಕೆಂಬ ನಿಯಮವನ್ನು ಈ ಒಂದು ಸಲ ಮುರಿಯಿರಿ. ತಿದ್ದುಪಡಿ ಸಿದ್ಧವಿದೆ. ಕಡತ ತಮ್ಮ ಮೇಜಿನ ಮೇಲೆ, ಮೇಲಿನಿಂದ ಮೂರನೆಯದು. ಒಂದು ಸಹಿ ಸಾಕು.

ಸಾಮಾನ್ಯ ನಾಗರಿಕನಿಗೆ ಇದೆಲ್ಲ ಹೇಗೆ ಗೊತ್ತು ಎನ್ನುವಿರಾ? ಸಾರ್, ಆ ಒಬ್ಬನೇ ಮನುಷ್ಯ ನಾನೇ. ಹತ್ತು ಸಲ ತೆರೆದೆ; ಹತ್ತು ಸಲವೂ ನನ್ನ ಹೆಸರಿನ ಪಕ್ಕದಲ್ಲಿ ಅವಳ ಹೆಸರು. ಹನ್ನೊಂದನೆಯ ಸಲ ಬೇರೆಯವರ ಹೆಸರಿನಲ್ಲಿ ತೆರೆಯಬೇಕಿತ್ತು. ಮನಸ್ಸು ಬರಲಿಲ್ಲ.

ಇಂತಿ,
ತಮ್ಮದೇ ಕಚೇರಿಯ ಎರಡನೇ ಮಹಡಿಯ,
ಇನ್ನೂ ಖಚಿತವಾಗದ ಮದುಮಗ