ತಳ ಹಿಡಿದ ಪ್ಲಮ್ ಪಾಕ

ಲಿತೊಮಿಶಲ್, ಬೊಹೀಮಿಯ
ಭಾನುವಾರ, ೧೬ ಅಕ್ಟೋಬರ್ ೧೯೩೮

ಪ್ರೀತಿಯ ಮಗಳು ಓತಿಲ್ಕಾಳಿಗೆ,

ಹೇಗಿದ್ದೀ ತಾಯಿ? ಕಾಲು ಊದಿಕೊಳ್ಳುತ್ತಿದೆ ಎಂದು ಬರೆದಿದ್ದೆಯಲ್ಲ, ಈಗ ಇಳಿದಿದೆಯೇ? ಏಳನೇ ತಿಂಗಳಲ್ಲಿ ನನಗೂ ಹೀಗೇ ಆಗಿತ್ತು. ಮಲಗುವಾಗ ಕಾಲ ಕೆಳಗೆ ದಿಂಬಿಟ್ಟುಕೋ. ನಿನ್ನ ಕಾಗದ ನಮ್ಮ ಹಳೆಯ ಮನೆಯ ವಿಳಾಸಕ್ಕೆ ಹೋಗಿ, ಅಲ್ಲಿಂದ ಸುತ್ತಿ ಬಳಸಿ ಇಲ್ಲಿಗೆ ಬಂತು. ನಾವೀಗ ನಿನ್ನ ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದೇವೆ. ನಮ್ಮ ಮನೆಯೂ ತೋಟವೂ ಈಗ ಜರ್ಮನಿಯಲ್ಲಿವೆ. ಅವು ಇದ್ದಲ್ಲೇ ಇವೆ. ಗಡಿಯೇ ಎದ್ದು ಈಚೆಗೆ ಬಂತು.

ನಡೆದದ್ದನ್ನು ಮೊದಲಿಂದ ಹೇಳುತ್ತೇನೆ. ಸೈನ್ಯಕ್ಕೆ ಕರೆ ಬಂದ ರಾತ್ರಿಯೇ ನಿನ್ನ ತಮ್ಮ ವೋಯ್ಟಾ ಹೊರಟ. ಅವನ ಅದೃಷ್ಟಕ್ಕೆ ನಮ್ಮ ತೋಟದ ಮೇಲಿನ ಗುಡ್ಡದ ಬಂಕರಿನಲ್ಲೇ ಕಾವಲು ಸಿಕ್ಕಿತು. ಹಣ್ಣು ಕಳಿತಿದ್ದವು; ಯುದ್ಧ ಬರುತ್ತದೆಂದು ಪ್ಲಮ್ ಕಾಯುತ್ತದೆಯೇ? ಅಂಗಳದಲ್ಲಿ ತಾಮ್ರದ ಹಂಡೆ ಏರಿಸಿದೆ. ಆ ಪಾಕ ನಿನಗೆ ಗೊತ್ತು, ಗಳಿಗೆ ಕೈ ಬಿಟ್ಟರೂ ತಳ ಹಿಡಿಯುತ್ತದೆ. ಬಂಕರಿನ ಹುಡುಗರು ಬಿಡುವಾದಾಗ ಬಂದು ಸರದಿಯ ಮೇಲೆ ತಿರುವಿದರು. ಅಪ್ಪನಿಗೋ ಹೆದರಿಕೆಯೇ ಇಲ್ಲ. "ಅಳಿಯ ಬರ್ತಾನೆ ಬಿಡೇ, ಫ್ರಾನ್ಸನ್ನೇ ಕರ್ಕೊಂಡು ಬರ್ತಾನೆ" ಎನ್ನುತ್ತಿದ್ದರು. ನಿನ್ನ ಮದುವೆಯ ದಿನ ಅದೇ ಮರಗಳ ಕೆಳಗೆ ರೆಮಿ ಗ್ಲಾಸು ಎತ್ತಿ ಆಡಿದ ಮಾತನ್ನು ಅವರು ಮರೆತವರಲ್ಲ: "ಅತ್ತೇ, ಯಾರಾದ್ರೂ ನಿಮ್ಮ ಬೇಲಿ ಮುಟ್ಟಿದ್ರೆ ನನ್ನ ಕೂಗಿ, ಬಂದೇ ಬರ್ತೀನಿ." ಫ್ರಾನ್ಸಿನಷ್ಟು ದೂರಕ್ಕೆ ಕೂಗಿದರೆ ಕೇಳಿಸುತ್ತದೇನೋ ಎಂದು ಅಪ್ಪ ನಕ್ಕಾಗ, "ಯುದ್ಧ ಬಂದ್ರೆ ಒಬ್ಬರಿಗೊಬ್ಬರು ಆಗ್ತೀವಿ ಅಂತ ನಮ್ಮೆರಡು ದೇಶ ರುಜು ಹಾಕಿವೆ ಮಾವ, ಕೇಳಿಸ್ದೆ ಇರುತ್ತಾ!" ಎಂದಿದ್ದ.

ಶುಕ್ರವಾರ ಸಂಜೆ ಕಿಟಕಿಯಲ್ಲಿಟ್ಟ ರೇಡಿಯೋ ಹೇಳಿತು. ಮ್ಯೂನಿಕ್‌ನಲ್ಲಿ ನಾಲ್ಕು ದೇಶದ ದೊಡ್ಡವರು ಕೂತು ನಮ್ಮ ಗಡಿಯ ಊರುಗಳನ್ನು ಜರ್ಮನಿಗೆ ಕೊಟ್ಟುಬಿಟ್ಟಿದ್ದರು. ನಮ್ಮವರನ್ನು ಒಳಗೂ ಬಿಡದೆ ಹೋಟೆಲಿನಲ್ಲಿ ಕಾಯಿಸಿದ್ದರಂತೆ. ರುಜು ಹಾಕಿದವರಲ್ಲಿ ಫ್ರಾನ್ಸೂ ಒಂದು. ಅಂಗಳದಲ್ಲಿದ್ದವರೆಲ್ಲ ಕಿಟಕಿಯ ಹತ್ತಿರ ಸೇರಿದ್ದೆವು. ಎಲ್ಲರಿಗೂ ಮೊದಲು ತಿಳಿದದ್ದು ವಾಸನೆ; ಹಂಡೆ ತಳ ಹಿಡಿದಿತ್ತು. ನನ್ನ ಕೈಯ ಪಾಕ ಸೀದದ್ದು ಅದೇ ಮೊದಲು.

ವೋಯ್ಟಾ ಒಂದು ಗುಂಡೂ ಹಾರಿಸದೆ ಇಳಿದು ಬಂದ. ಬಂಕರನ್ನು ಏನೂ ಕೆಡಿಸದೆ ಒಪ್ಪಿಸಬೇಕೆಂದು ಅಪ್ಪಣೆಯಾಗಿತ್ತು. "ಗುಡಿಸಿ ಒರೆಸಿ ಬಂದೆ ಅಮ್ಮಾ, ನೆಂಟರು ಬರ್ತಾರಲ್ಲ" ಎಂದು ನಕ್ಕವನು ಬಾವಿಕಟ್ಟೆಯ ಮೇಲೆ ಕೂತು ಅತ್ತ. ಈಗ ಭಾವನ ಹೆಸರೆತ್ತಿದರೆ ಎದ್ದು ಹೋಗುತ್ತಾನೆ.

ಅಂಥ ಹೊತ್ತಿನಲ್ಲಿ ನಿನ್ನ ಕಾಗದ ಬಂತು. ರೆಮಿಯನ್ನೂ ಸೈನ್ಯಕ್ಕೆ ಕರೆದಿದ್ದರು, ಈಗ ಮನೆಗೆ ಕಳಿಸಿದ್ದಾರೆ, ಬೀದಿಯ ಜನ ಹೂ ಎರಚಿದರು, "ಶಾಂತಿ ಉಳೀತು ಅಮ್ಮಾ" ಎಂದು ಬರೆದಿದ್ದೀ. ಬಸುರಿ ಹುಡುಗಿ, ಗಂಡ ಜೀವಂತ ಬಂದರೆ ಕುಣಿಯದೆ ಇರುತ್ತೀಯಾ? ನಿನ್ನನ್ನು ದೂರುವುದಿಲ್ಲ. ಆದರೆ ಅವನು ಮನೆ ಸೇರಲೆಂದು ನಾವು ಮನೆ ಬಿಟ್ಟೆವು ಮಗಳೇ. ಅವನಾದರೂ ಎರಡು ಸಾಲು ಬರೆಯಬಹುದಿತ್ತು. ಕಾಗದದ ಕೊನೆಯಲ್ಲಿ ಅವನ ನಮಸ್ಕಾರವೂ ಇರಲಿಲ್ಲ.

ಬಾಣಂತನಕ್ಕೆ ಬಾ ಎಂದು ಕರೆದಿದ್ದೀ. ಬರಲಾರೆ. ಆ ಮನೆಯ ಮೇಜಿಗೆ ಕೂತರೆ ಅವನ ಕೈಯ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅಲ್ಲೇ ಯಾರನ್ನಾದರೂ ಗೊತ್ತು ಮಾಡಿಕೋ. ಬೆಚ್ಚಗಿರು, ಭಾರ ಎತ್ತಬೇಡ. ದೇವಮಾತೆ ನಿನ್ನನ್ನೂ ಹೊಟ್ಟೆಯ ಕೂಸನ್ನೂ ಕಾಯಲಿ.

ನಿನ್ನ ಅಮ್ಮ,
ಅಪೊಲೆನಾ

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮೊದಲು ಅಪ್ಪ ಓದಲು ಕೇಳಿದರು. ಓದಿ, ಕನ್ನಡಕ ತೆಗೆದು, "ಮಗು ಯಾವ ಕಾಗದಕ್ಕೂ ರುಜು ಹಾಕಿಲ್ವಲ್ಲೇ" ಎಂದರು. ಅದಕ್ಕೇ ಬರುತ್ತೇನೆ, ಡಿಸೆಂಬರ್ ಮೊದಲ ವಾರ. ಸ್ಟೇಷನ್ನಿಗೆ ರೆಮಿ ಒಬ್ಬನೇ ಬರಲಿ. ಹೂ ಬೇಡ. ಆ ಸೀದ ಪಾಕದ ಒಂದು ಭರಣಿ ತರುತ್ತೇನೆ, ಕಹಿ ಇದೆ. ಮೊದಲ ಚಮಚ ಅಲ್ಲೇ ನನ್ನೆದುರು ಅವನು ತಿನ್ನಲಿ. ಮಾತು ಆಮೇಲೆ.