ಚೌಡಿಗೆ ಕೊಟ್ಟ ಲೆನ್ಸಿನ ಉಂಗುರ

ಫೆಬ್ರವರಿ 18, ಮಂಗಳವಾರ

ಹಾಲು ಕರೆದಾಯಿತು. ದೋಸೆಗೆ ನೆನೆಹಾಕಿದೆ. ಸೊಸೆ ಮಮತಾ ದರಕು ಗುಡಿಸಲು ಬೆಟ್ಟಕ್ಕೆ ಹೋಗಿದ್ದಾಳೆ. ಒಣಗಿದೆಲೆ ಎಲ್ಲ ಈ ತಿಂಗಳೇ ಒಟ್ಟಬೇಕು. ಅವಳ ಮಗಳು ಅಭಿಜ್ಞಾ ಮನೆ ಹಿಂದಿನ ಹುಲ್ಲಿನ ಬೇಣದಲ್ಲಿ ಕ್ಯಾಮರಾ ಹೂಡಿಕೊಂಡು ಕೂತು ಇಂದಿಗೆ ಒಂಬತ್ತು ದಿನ. ಕರಡಿಯ ವಿಡಿಯೋ ಆಗಬೇಕಂತೆ. ಬಿ.ಎಸ್ಸಿ. ಓದಿಸಿದ್ದು ಕರಡಿ ಕಾಯಲು.

ಕ್ಯಾಮರಾ ನೋಡಿದರೆ ಬ್ರೆಡ್ಡಿನ ತುಂಡಿನಷ್ಟು. ಲೆನ್ಸ್ ಮಾತ್ರ ಹಾಲಿನ ಕ್ಯಾನಿನಷ್ಟು. ಅದು ಫೋಟೋದವರ ಲೆನ್ಸ್. ಶಿರಸಿಯ ಸ್ಟುಡಿಯೋದಲ್ಲಿ ಕೇಳಿ ತಂದದ್ದು. ವಿಡಿಯೋ ಕ್ಯಾಮರಾಕ್ಕೆ ನೇರ ಕೂರುವುದಿಲ್ಲ. ನಡುವೆ ಒಂದು ಕಪ್ಪು ಉಂಗುರ ಹಾಕಿ ತಿರುಪಬೇಕು. ಬೀಗರಿಬ್ಬರನ್ನು ಮಾತಾಡಿಸಲು ದಲ್ಲಾಳಿ ಇದ್ದ ಹಾಗೆ.

ಫೆಬ್ರವರಿ 20

ಇವತ್ತು ಚಹಾ ಕೊಡಲು ಹೋದವಳು ಕ್ಯಾಮರಾದ ಪರದೆ ನೋಡಿಬಿಟ್ಟೆ. ಪರದೆ ತುಂಬ ಕರಡಿಯ ಮುಖ. ಮೂಗಿನ ಮೇಲೆ ಹುತ್ತದ ಮಣ್ಣು. ಲೋಟ ಕೈಜಾರಿತು.

"ಎಷ್ಟು ಹತ್ರ ಕೂತಿದ್ಯೇ?"

"ಹತ್ರ ಎಲ್ಲಿ ಅಜ್ಜಿ. ಅದು ಹಳ್ಳದ ಆಚೆ ದಿಬ್ಬದಲ್ಲಿ ಇರೂದು. ನೂರೈವತ್ತು ಮಾರು ಆಗ್ತದೆ."

"ನೂರೈವತ್ತು ಮಾರು ಆಚೆಗಿರೂ ಕರಡಿ ಮೂಗಿನ ಮಣ್ಣು ಕಾಣ್ತದಾ? ಯಾರಿಗೆ ಹೇಳ್ತೀಯೇ ಕತೆ?"

"ಲೆನ್ಸ್ ಹತ್ರ ತರ್ತದೆ. ನಾನು ಹೋಗೂದಲ್ಲ."

"ತಂದು ಎಲ್ಲಿ ಕಟ್ತೀಯ, ಕೊಟ್ಟಿಗೇಲಾ?"

ನಕ್ಕಳು. ನನಗೆ ನಗು ಬರಲಿಲ್ಲ. ನಾದಿನಿ ರೋಹಿಣಿ ನೆನಪಾದಳು. ಅರಬೈಲಿನ ಮೇಲಿನ ಕಾಡಿನಲ್ಲಿ ಸೊಪ್ಪು ಕೊಯ್ಯುವಾಗ ಕರಡಿ ಬಂತು. ಜೀವ ಉಳಿಯಿತು, ಮೂಗು ಉಳಿಯಲಿಲ್ಲ. ಹನ್ನೊಂದು ವರ್ಷ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಇದ್ದಳು. ಉಣ್ಣುವಾಗ ಗೋಡೆ ಕಡೆ ತಿರುಗುತ್ತಿದ್ದಳು.

ಅಭಿಯ ಮೂಗು ರೋಹಿಣಿಯದೇ ಅಚ್ಚು.

ಫೆಬ್ರವರಿ 24

ಒಂಬತ್ತು ಗಂಟೆ ಆಯಿತೆಂದರೆ ಅಭಿಗೆ ಸಿಟ್ಟು. ಬಿಸಿಲು ಏರಿದ ಮೇಲೆ ನಡುವಿನ ಗಾಳಿ ಕುದಿಯುತ್ತದಂತೆ, ಉದ್ದ ಲೆನ್ಸಿನಲ್ಲಿ ಕರಡಿ ನೀರೊಳಗಿದ್ದಂತೆ ನಡುಗುತ್ತದಂತೆ. ಮರಿ ಬೇರೆ ಬಂದಿದೆ, ಬೆನ್ನ ಮೇಲೆ ಕೂತಿತ್ತು ಎಂದಳು. ಬಾಣಂತಿಯ ಹತ್ತಿರ ಸುಳಿಯಬಾರದೆಂದು ಮನುಷ್ಯರಲ್ಲೇ ಇದೆ. ಇವಳಿಗೆ ಯಾರು ಹೇಳಬೇಕು.

ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಎಲ್ಲದಕ್ಕೂ ಆ ಉದ್ದ ಲೆನ್ಸೇ ಕಾರಣ. ಅದಿಲ್ಲದಿದ್ದರೆ ಹುಡುಗಿ ಮನೆಯಲ್ಲಿ ಇರುತ್ತಾಳೆ.

ಫೆಬ್ರವರಿ 26, ಶಿವರಾತ್ರಿ

ಉಪವಾಸ. ಅಭಿ ಸ್ನಾನಕ್ಕೆ ಹೋದಾಗ ಚೀಲದಿಂದ ಉಂಗುರ ತೆಗೆದೆ. ಲೆನ್ಸ್ ಎತ್ತಲು ನನ್ನಿಂದಾಗದು. ಉಂಗುರ ಮಡಿಲಲ್ಲಿ ಹಿಡಿಯಿತು.

ಊರು ಕಾಯುವ ಚೌಡಿಯ ಕಲ್ಲಿನ ಬುಡದಲ್ಲಿ ಇಟ್ಟು ಬಂದೆ, ಮೇಲೊಂದು ಚಪ್ಪಡಿ. ಹುಡುಗಿಯನ್ನು ಕಾಯಿ, ಇದು ನಿನ್ನದು ಎಂದೆ. ಚೌಡಿಗೆ ಕೊಟ್ಟದ್ದನ್ನು ನಮ್ಮಲ್ಲಿ ಯಾರೂ ತಿರುಗಿ ತರುವುದಿಲ್ಲ. ನಮ್ಮವರು ಕುಡಿತ ಬಿಡುತ್ತೇನೆಂದು ಇಟ್ಟ ಲೋಟ ಇನ್ನೂ ಅಲ್ಲೇ ಇದೆ. ಆಮೇಲೆ ಬೇರೆ ಲೋಟ ತಂದರು, ಆ ಮಾತು ಬೇರೆ.

ಫೆಬ್ರವರಿ 27

ಅಭಿ ಬೇಣವೆಲ್ಲ ಹುಡುಕಿದಳು. ಮಮತಾ ದರಕಿನ ರಾಶಿ ಕೆದರಿದಳು. "ಅಜ್ಜಿ, ನೀ ಕಂಡ್ಯಾ?" "ನನಗೆ ನನ್ನ ಕನ್ನಡಕವೇ ಕಾಣೂದಿಲ್ಲ." ಹುಬ್ಬಳ್ಳಿಯಿಂದ ಬೇರೆ ಬರಲು ಐದು ದಿನ ಬೇಕಂತೆ. ಅತ್ತಳು. ಅಳಲಿ. ಮುಖ ಇದ್ದವರು ಅಳುತ್ತಾರೆ.

ಚೆನ್ನಾಗಿ ನಿದ್ದೆ ಬಂತು.

ಮಾರ್ಚ್ 1, ಶನಿವಾರ. ಬೆಳಿಗ್ಗೆ 6.40

ಅಭಿಯ ಹಾಸಿಗೆ ಖಾಲಿ. ಕ್ಯಾಮರಾ ಇಲ್ಲ. ಉದ್ದ ಲೆನ್ಸ್ ಪಡಸಾಲೆಯಲ್ಲೇ ಸ್ಟ್ಯಾಂಡಿನ ಮೇಲಿದೆ.

ಮಮತಾ ಹೇಳಿದಳು, "ಸಣ್ಣ ಲೆನ್ಸ್ ಇತ್ತಲ್ಲ ಅತ್ತೆ. ಅದು ಆ ಕ್ಯಾಮರಾದ್ದೇ, ಉಂಗುರ ಬೇಡ. ಹುತ್ತದ ಹತ್ರ ಹೋಗಿ ಕೂರ್ತೆ ಅಂದ್ಲು."

7.15

ಫಾರೆಸ್ಟ್ ವಾಚರ್ ಮಧುಕೇಶ್ವರ ದಿನದ ಹಾಗೆ ಚಹಾಕ್ಕೆ ಬಂದ. ಅಭಿ ಹೋದದ್ದು ಹೇಳಿದೆ. ಲೋಟ ಕೆಳಗಿಟ್ಟ.

"ದುರ್ಗಕ್ಕ, ಆ ಉದ್ದದ್ದು ಇತ್ತು ಅಂತ್ಲೇ ನಾನು ಬಾಯಿ ಮುಚ್ಕಂಡಿದ್ದು. ಮನೆ ಹಿಂದೆ ಕೂತೇ ತೆಗೀತಾಳೆ, ತೊಂದ್ರೆ ಇಲ್ಲ ಅಂತ. ಸಣ್ಣದ್ರಲ್ಲಿ ಅಷ್ಟೇ ದೊಡ್ಡ ಮುಖ ಬೇಕು ಅಂದ್ರೆ ಹತ್ತು ಮಾರಿಗೆ ಹೋಗ್ಬೇಕು. ಮರಿ ಬೇರೆ ಇದೆ."

ಹೊರಟ. ಮಮತಾ ಕತ್ತಿ ಹಿಡಿದು ನೈಟಿಯಲ್ಲೇ ಹಿಂದೆ ಓಡಿದಳು. ಕೂ ಹಾಕಬೇಡ, ಬೆಚ್ಚಿದರೆ ಎರಗುತ್ತದೆ ಎಂದು ಹೇಳಿ ಹೋಗಿದ್ದಾನೆ. ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದೇನೆ.

ಅವಳು ನಿಜ ಹೇಳಿದ್ದಳು. ನೂರೈವತ್ತು ಮಾರು. ಆ ಉಂಗುರ ಇದ್ದಷ್ಟು ದಿನ ಹುಡುಗಿ ನೂರೈವತ್ತು ಮಾರು ಈಚೆಗಿದ್ದಳು. ತೆಗೆದವಳು ನಾನು. ಮಮತಾಗೆ ಹೇಳಲು ಬಾಯಿ ಬರಲಿಲ್ಲ. ಇಷ್ಟು ಉದ್ದದ ನಾಲಗೆ ಇದ್ದೂ.

8.20

ಚಪ್ಪಡಿ ಎತ್ತಿ ಉಂಗುರ ತಂದೆ. ಚೌಡಿಗೆ ಕೊಟ್ಟದ್ದು. ತಪ್ಪುಕಾಣಿಕೆ ಇಡಲಿಲ್ಲ, ಕಾಯಿ ಒಡೆಯಲಿಲ್ಲ. ಅವಳನ್ನು ಬಿಡು, ನನ್ನನ್ನು ಹಿಡಿ ಎಂದೆ. ತಂದು ಏನು ಮಾಡಲಿ. ಕ್ಯಾಮರಾ ಅವಳ ಹತ್ತಿರ.

ಅಭಿಗೆ ಫೋನ್ ಮಾಡಿದೆ. ಒಳಕೋಣೆಯಲ್ಲೇ ಹೊಡೆದುಕೊಂಡಿತು, ಚಾರ್ಜಿಗೆ ಇಟ್ಟದ್ದು.

8.45

ಹಳ್ಳದ ಕಡೆಯಿಂದ ಒಂದು ಕೂಗು. ಒಂದೇ. ಮನುಷ್ಯರದೋ ಅದರದೋ ತಿಳಿಯಲಿಲ್ಲ. ಆಮೇಲೆ ಮಂಗಗಳು. ಆಮೇಲೆ ಏನೂ ಇಲ್ಲ.

9.10

ದಿಬ್ಬದ ಇಳುಕಲಿನಲ್ಲಿ ಯಾರೋ ಬರುತ್ತಿದ್ದಾರೆ. ನನ್ನ ಕಣ್ಣಿಗೆ ಬರೀ ಅಲುಗಾಟ.

ಲೆನ್ಸಿನ ಎರಡೂ ಮುಚ್ಚಳ ತೆಗೆದು ಮೂತಿಯನ್ನು ಬಾಗಿಲಾಚೆ ದಿಬ್ಬಕ್ಕೆ ತಿರುಗಿಸಿದೆ. ಹಿಂದಿನಿಂದ ಕಣ್ಣಿಟ್ಟರೆ ಬರೀ ಬೆಳಕು. ಬೇಸತ್ತು ಕೂತಾಗ ಕೈಯ ಈ ಡೈರಿ ಅದರ ಹಿಂದೆ ಬಂತು. ಪಡಸಾಲೆ ಕತ್ತಲು. ಪುಟದ ಮೇಲೆ ದಿಬ್ಬ ಬಿದ್ದಿದೆ. ಬೆಂಕಿಪೊಟ್ಟಣದಷ್ಟು, ತಲೆಕೆಳಗಾಗಿ. ಮರ ಕೆಳಕ್ಕೆ ಜೋತಿವೆ. ಮನುಷ್ಯರು ಅಕ್ಕಿಕಾಳಿನಷ್ಟು, ಕಾಲು ಮೇಲೆ.

ಮೂರು ಕಾಳು ಬರಬೇಕು.

ಖಾಕಿ ಒಂದು. ಮಧುಕೇಶ್ವರ. ಕೆಂಪು ಒಂದು, ಮಮತಾಳ ನೈಟಿ. ಇಬ್ಬರ ನಡುವೆ ಏನೋ ಇದೆ. ನಡೆಯುತ್ತಿದೆಯೋ, ಹೊತ್ತು ತರುತ್ತಿದ್ದಾರೋ... ತಿಳಿಯುವುದಿಲ್ಲ. ಪುಸ್ತಕ ತಿರುಗಿಸಿದೆ. ಚಿತ್ರ ತಿರುಗಲಿಲ್ಲ.

ಬರೆಯಲು ಪುಟ ತೆಗೆದರೆ ಅವರು ಇಲ್ಲವಾಗುತ್ತಾರೆ. ಮತ್ತೆ ಹಿಡಿದೆ. ಹಳ್ಳಕ್ಕೆ ಇಳಿದರು. ಈಚೆ ದಂಡೆಗೆ ಹತ್ತಬೇಕು. ಖಾಕಿ ಹತ್ತಿತು. ಕೆಂಪು

ನಡುವಿನದು